ಚೀಕಲಪರ್ವಿಯ ಉಸುಕಿನ ಮೇಲೆ ಹತ್ತು ಅಡಿ

1980ರ ಜನವರಿ ಹದಿನೈದು, ಮಂಗಳವಾರ, ಬೆಳಗಿನ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ನನ್ನ ಕೈಗಡಿಯಾರ ನಾಲ್ಕು ನಿಮಿಷ ಮುಂದೆ ಓಡುತ್ತಿದ್ದುದರಿಂದ ಒಂಬತ್ತು ಹದಿನಾರು ಎಂದು ಹಿಡಿಯಿರಿ. ನಾನು ನಿಂತಿದ್ದು ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ಕೆಳಗೆ, ಹತ್ತಿ ಹೊಲದ ಕೊನೆಯ ಸಾಲು ಮುಗಿದು ತುಂಗಭದ್ರೆಯ ದಂಡೆ ಶುರುವಾಗುವ ಜಾಗದಲ್ಲಿ. ಬೆನ್ನಿಗೆ ಹೊಳೆ, ಎದುರಿಗೆ ಹೊಲ, ಎಡಕ್ಕೆ ಹನ್ನೊಂದು ಹೆಜ್ಜೆ ದೂರದಲ್ಲಿ ಒಂದು ಜಾಲಿಗಿಡ. ಬಲಕ್ಕೆ, ಹೊಳೆ ಹರಿದುಹೋಗುವ ದಿಕ್ಕಿಗೆ, ನೂರೈವತ್ತು ಹೆಜ್ಜೆಯಾಚೆ ಉಸುಕಿನ ಹಾಸು. ಅದರ ಮೇಲೆ ಅರವತ್ತೆರಡು ಜನ. ನೀರಿನಲ್ಲಿದ್ದವರನ್ನು ಎಣಿಸಿಲ್ಲ, ಅವರು ಮುಳುಗುತ್ತ ಏಳುತ್ತ ಲೆಕ್ಕ ತಪ್ಪಿಸುತ್ತಿದ್ದರು.

ನನ್ನ ಕೈಯಲ್ಲಿ ಒಂದು ಬಿದಿರಿನ ಗಳ ಇತ್ತು. ಅದರ ತುದಿಗೆ ಒಂದೂವರೆ ಗಜ ಬಿಳಿ ಬಟ್ಟೆ. ಜೇಬಿನಲ್ಲಿ ಎರಡು ದಿನ ಹಿಂದೆ ನಾನೇ ಬರೆದು ಸಹಿ ಹಾಕಿದ ಕಾಗದದ ನಕಲು. ಅದರಲ್ಲಿ, ‘ನದಿ ದಂಡೆ: ಜನಸಂಚಾರವಿಲ್ಲ’ ಎಂದಿತ್ತು.

ನೀವು ಈಗ ಡ್ರೋನ್ ಹಾರಿಸಿ ಬೆಳೆಗೆ ಔಷಧಿ ಹೊಡೆಯುವ ಕೆಲಸಕ್ಕೆ ಸೇರುತ್ತಿದ್ದೀರಿ. ನಮ್ಮ ಕಾಲದಲ್ಲಿ ಅದನ್ನು ಮನುಷ್ಯ ಕೂತ ವಿಮಾನ ಮಾಡುತ್ತಿತ್ತು. ಒಂದೇ ಇಂಜಿನ್, ಒಂದೇ ಸೀಟು, ಹಳದಿ ಬಣ್ಣ. ಹತ್ತಿಯ ಕಾಯಿಕೊರಕ ಹುಳಕ್ಕೆ ಹೊಡೆಯಬೇಕಾದರೆ ಅದು ಗಿಡದಿಂದ ಹತ್ತು ಅಡಿ ಎತ್ತರದಲ್ಲಿ ಬರಬೇಕಿತ್ತು. ಹೊಲದ ಎರಡು ತುದಿಯಲ್ಲಿ ಇಬ್ಬರು ಬಿಳಿ ಬಾವುಟ ಆಡಿಸುತ್ತ ನಿಲ್ಲಬೇಕು. ಪೈಲಟ್ ಒಂದು ಬಾವುಟದಿಂದ ಇನ್ನೊಂದು ಬಾವುಟಕ್ಕೆ ಗೆರೆ ಎಳೆದಂತೆ ಹಾರುತ್ತಾನೆ. ಅವನು ತಲೆಯ ಮೇಲೆ ಬರುವುದರೊಳಗೆ ನಾವು ಇಪ್ಪತ್ತು ಹೆಜ್ಜೆ ಪಕ್ಕಕ್ಕೆ ಓಡಿ ಮುಂದಿನ ಗೆರೆಗೆ ನಿಲ್ಲಬೇಕು. ನನ್ನ ಹುದ್ದೆಯ ಹೆಸರು ಕೃಷಿ ಸಹಾಯಕ. ಮಲ್ಲಟದ ಹನುಮಂತಪ್ಪ, ಇನ್ನೊಂದು ತುದಿಯ ಬಾವುಟದವನು, ಅದನ್ನು ಸರಿಯಾಗಿ ವಿವರಿಸುತ್ತಿದ್ದ.

“ಮಂದಿ ಹೊಲದಾಗ ಬೆದರುಗೊಂಬಿ ಇಡ್ತಾರ. ಸರ್ಕಾರ ಅದಕ್ಕ ಪಗಾರ ಕೊಡತದ. ಅಷ್ಟ ಫರಕು ನೋಡ್ರಿ ಸಾಬ್ರ.”

ಮೊದಲ ದಿನ ವಿಮಾನ ಮೈಮೇಲೆ ಬಂದಾಗ ಹನುಮಂತಪ್ಪ ಪಕ್ಕಕ್ಕೆ ಓಡಲಿಲ್ಲ, ಮುಂದಕ್ಕೆ ಓಡಿದ. ವಿಮಾನ ಅವನ ಹಿಂದೆಯೇ ಬಂತು. ಅವನು ಇನ್ನೂ ಜೋರಾಗಿ ಓಡಿದ. ಕೊನೆಗೆ ಕಾಲುವೆಯಲ್ಲಿ ಬಿದ್ದು ಉಳಿದ. ಮೇಲೆ ಬಂದ ಮೇಲೆ, “ಅದಕ್ಕ ನನ್ನ ಮ್ಯಾಲ ಏನ್ ಸಿಟ್ಟು?” ಎಂದು ಕೇಳಿದ. ಅಲ್ಲಿಂದ ಮುಂದೆ ಅವನಷ್ಟು ಚೆನ್ನಾಗಿ ಪಕ್ಕಕ್ಕೆ ಓಡುವವರು ಇಡೀ ಜಿಲ್ಲೆಯಲ್ಲಿ ಇರಲಿಲ್ಲ.

ಬಾವುಟಕ್ಕಿಂತ ಕಷ್ಟದ್ದು ಅಡೆತಡೆಗಳ ಪಟ್ಟಿ. ವಿಮಾನ ಬರುವ ಎರಡು ದಿನ ಮೊದಲು ಇಡೀ ಜಾಗ ನಡೆದು ನೋಡಿ, ಎತ್ತರದ ಮರ, ಗುಡಿಯ ಶಿಖರ, ಕರೆಂಟಿನ ತಂತಿ, ಹದ್ದು ಸುತ್ತುವ ಜಾಗ, ಜನ ಸೇರುವ ಜಾಗ, ಎಲ್ಲವನ್ನೂ ಬರೆದು ಕೊಡಬೇಕು. ಹತ್ತು ಅಡಿ ಎತ್ತರದಲ್ಲಿ ಹಾರುವವನಿಗೆ ಭೂಮಿಯ ಮೇಲಿರುವುದೆಲ್ಲ ಶತ್ರು. ಎಲ್ಲಕ್ಕಿಂತ ದೊಡ್ಡ ಶತ್ರು ತಂತಿ, ಏಕೆಂದರೆ ಅದು ಮೇಲಿನಿಂದ ಕಾಣುವುದಿಲ್ಲ. ನಮ್ಮ ಕಡೆ ಅದು ಕೆಳಗಿನಿಂದಲೂ ಕಾಣುತ್ತಿರಲಿಲ್ಲ, ಯಾಕೆಂದರೆ ಅರ್ಧಕ್ಕರ್ಧ ತಂತಿ ಕದ್ದು ಎಳೆದದ್ದು.

ದೇವದುರ್ಗದ ಹತ್ತಿರ ಒಬ್ಬ ರೈತನನ್ನು ಕೇಳಿದ್ದೆ.

“ಯಜಮಾನ, ಇಲ್ಲಿ ವೈರ್ ಅದ ಏನು?”

“ನಮ್ಮವ್ವನಾಣಿ, ಒಂದು ದಾರಾನೂ ಇಲ್ರಿ.”

ಅವನ ಬೆನ್ನ ಹಿಂದೆ ಬಾವಿಯ ಮೇಲೆ ಮೋಟಾರು ಗುಂಯ್ಗುಡುತ್ತಿತ್ತು. ನೀರು ಧೋ ಎಂದು ಬೀಳುತ್ತಿತ್ತು.

“ಮತ್ತ ಆ ಮೋಟಾರು ಹೆಂಗ ತಿರಗಾಕತ್ತದ?”

“ಅದು ಹಂಗ ತಿರಗತದ್ರಿ.”

ಅವನು ನನ್ನನ್ನು ಕರೆಂಟಿನ ಇಲಾಖೆಯವನೆಂದು ತಿಳಿದಿದ್ದ. ನಾನು ವಾದ ಮಾಡಲಿಲ್ಲ. “ಆತು ಬಿಡು. ನಾಳಿದ್ದು ವಿಮಾನ ಬರತದ. ವೈರಿಗೆ ಸಿಕ್ಕರ ಬೀಳೋದು ನಿನ್ನ ಹೊಲದಾಗ. ಪೊಲೀಸರು ಬರ್ತಾರ, ಪಂಚನಾಮಿ ಮಾಡ್ತಾರ, ಇಲ್ಲೇ ಯಾಕ ಬಿತ್ತು ಅಂತ ನಿನ್ನ ಆರ್ ತಿಂಗ್ಳು ಕೇಳ್ತಾರ” ಎಂದಷ್ಟೇ ಹೇಳಿ ಬಂದೆ. ವಿಮಾನ ಬರುವ ದಿನ ಬೆಳಿಗ್ಗೆ ಅವನು ಹೆಗಲ ಮೇಲೆ ತಂತಿಯ ದೊಡ್ಡ ಸುರುಳಿ ಹೊತ್ತು ಜೀಪಿನ ಹತ್ತಿರ ಬಂದ. “ದಾರಿಯೊಳಗ ಬಿದ್ದಿತ್ರಿ. ಯಾರದೋ ಏನೋ” ಎಂದ. ಆ ದಿನದಿಂದ ನಾನು ತಂತಿ ಇದೆಯೇ ಎಂದು ಕೇಳುವುದನ್ನು ಬಿಟ್ಟೆ. ಬೇಸಿಗೆಯಲ್ಲಿ ಯಾರ ಹೊಲ ಹಸಿರಾಗಿದೆ ಎಂದು ನೋಡಿ ತಂತಿ ಬರೆದುಕೊಳ್ಳುತ್ತಿದ್ದೆ. ಅದರಿಂದ ನನಗೆ ಜಾಣನೆಂಬ ಹೆಸರು ಬಂತು. ಆ ಹೆಸರನ್ನು ನಾನೂ ನಂಬಿದೆ.

ನಮ್ಮ ಮೇಲಧಿಕಾರಿ ಗುಂಡೇರಾವ್ ಸಾಹೇಬರ ಬಗ್ಗೆ ಎರಡು ಮಾತು ಹೇಳಬೇಕು. ಕೆಟ್ಟವರಲ್ಲ. ಅವರ ಚೀಲದಲ್ಲಿ ಪಂಚಾಂಗ ಇಲ್ಲದ ದಿನವಿಲ್ಲ. ಪೋತ್ನಾಳದ ಹತ್ತಿರ ಒಂದು ಬೀಳು ನೆಲವನ್ನು ರೋಲರ್ ಹೊಡೆದು ಗಟ್ಟಿ ಮಾಡಿ, ವಿಮಾನ ಇಳಿಯುವ ಜಾಗ ಮಾಡಿದ್ದೆವು. ಅಲ್ಲಿ ಪ್ರತಿ ಬೆಳಿಗ್ಗೆ ಪೈಲಟ್ ಕ್ಯಾಪ್ಟನ್ ಸೂರಿ ಆಕಾಶ ನೋಡುತ್ತಿದ್ದರು, ಸಾಹೇಬರು ಪಂಚಾಂಗ ನೋಡುತ್ತಿದ್ದರು. ಹತ್ತು ಗಂಟೆಯ ಮೇಲೆ ಗಾಳಿ ಎದ್ದರೆ ಔಷಧಿ ಎಲ್ಲೆಲ್ಲೋ ಹಾರುತ್ತದೆ, ಬಿಸಿಲಿಗೆ ವಿಮಾನ ಕುಣಿಯುತ್ತದೆ ಎಂದು ಸೂರಿಯವರು ಅವಸರ ಮಾಡುವರು. ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ ಎಂದು ಸಾಹೇಬರು ತಡೆಯುವರು. ಸೂರಿಯವರು ಪಂಜಾಬಿನವರು. ನಾನು ರಾಯಚೂರಿನ ದಖನಿ ಉರ್ದು ಮಾತಾಡುವ ಮನೆಯವನಾದ್ದರಿಂದ ಇಬ್ಬರ ನಡುವೆ ಭಾಷಾಂತರ ನನ್ನ ಪಾಲಿಗೆ ಬರುತ್ತಿತ್ತು. ರಾಹುವನ್ನು ಸೂರಿಯವರಿಗೆ ವಿವರಿಸಲಾಗದೆ, “ಸಾಹೇಬರಿಗೆ ಇಂಜಿನ್ ಸದ್ದು ಸರಿ ಕೇಳಿಸುತ್ತಿಲ್ಲವಂತೆ” ಎಂದು ಹೇಳಿಬಿಡುತ್ತಿದ್ದೆ. ಅವರು ಒಂದೂವರೆ ತಾಸು ಇಂಜಿನ್ ಬಿಚ್ಚಿ ನೋಡುತ್ತಿದ್ದರು. ಹೀಗಾಗಿ ನಮ್ಮ ವಿಮಾನದ ಇಂಜಿನ್ ಬಹಳ ಚೆನ್ನಾಗಿತ್ತು.

ಚೀಕಲಪರ್ವಿಯ ಕೆಲಸಕ್ಕೆ ದಿನ ಗೊತ್ತು ಮಾಡಿದ್ದು ಸಾಹೇಬರೇ. ಗೋಡೆಯ ಸರ್ಕಾರಿ ಕ್ಯಾಲೆಂಡರಿನಲ್ಲಿ ಹದಿನಾಲ್ಕನೇ ತಾರೀಖು ಕೆಂಪಾಗಿತ್ತು: ಸಂಕ್ರಾಂತಿ, ರಜೆ. ನಮ್ಮ ಕಡೆ ಸಂಕ್ರಾಂತಿಗೆ ಜನ ಹೊಳೆಗೆ ಹೋಗಿ ಮಿಂದು, ಬುತ್ತಿ ಬಿಚ್ಚಿ ಉಸುಕಿನ ಮೇಲೆ ಉಣ್ಣುತ್ತಾರೆ. ಅದಕ್ಕೇ ಆ ದಿನ ಬಿಟ್ಟು ಮರುದಿನ, ಹದಿನೈದಕ್ಕೆ ಇಟ್ಟರು. ಮಂಗಳವಾರ ಬೆಳಿಗ್ಗೆ ರಾಹುಕಾಲದ ಕಾಟವೂ ಇಲ್ಲ. ನಾನು ಹದಿಮೂರಕ್ಕೆ ಹೋಗಿ ದಂಡೆ ನೋಡಿದೆ. ಉಸುಕಿನ ಮೇಲೆ ಒಂದು ಕೊಕ್ಕರೆ ಇತ್ತು. ‘ಜನಸಂಚಾರವಿಲ್ಲ’ ಎಂದು ಬರೆದೆ.

ಆ ವಾರ ಇನ್ನೊಂದು ಕೆಲಸವನ್ನೂ ಮಾಡಿದ್ದೆ. ಜೀಪಿಗೆ ಮೈಕ್ ಕಟ್ಟಿಕೊಂಡು ಊರೂರು ಕೂಗಿ ಬಂದಿದ್ದೆ. ಕಚೇರಿಯಿಂದ ಬಂದ ಹಾಳೆಯನ್ನು ಓದಬೇಕು, ಅಷ್ಟೇ. ‘ಹದಿನೈದನೇ ತಾರೀಖು ಬೆಳಿಗ್ಗೆ ವಿಮಾನ ಬರುತ್ತದೆ. ಸದ್ದಿಗೆ ಬೆದರುತ್ತವೆ, ದನಗಳನ್ನು ಕಟ್ಟಿಹಾಕಿ. ಈ ಔಷಧಿಯಿಂದ ಹುಳುಗಳು ಮಾತ್ರ ಸಾಯುತ್ತವೆ. ಜನರಿಗಾಗಲಿ ದನಗಳಿಗಾಗಲಿ ಯಾವ ಅಪಾಯವೂ ಇಲ್ಲ.’ ನನ್ನ ಗಂಟಲು ಚೆನ್ನಾಗಿತ್ತು. ಕೊನೆಯ ವಾಕ್ಯವನ್ನು ಎರಡೆರಡು ಸಲ ಓದಿದ್ದೆ.

ಈಗ ಮತ್ತೆ ಒಂಬತ್ತು ಹದಿನಾರಕ್ಕೆ ಬರುತ್ತೇನೆ.

ಹೊಳೆಯ ಮೇಲಿನ ಮಂಜು ಕರಗಲು ತಡವಾಗಿತ್ತು. ಹನುಮಂತಪ್ಪ ರಸ್ತೆಯ ತುದಿಗೆ ನಿಂತ. ನಾನು ಹತ್ತಿಯ ನಡುವೆ ನಡೆದು ದಂಡೆಗೆ ಬಂದೆ. ಗಿಡ ಎದೆಯೆತ್ತರ ಇದ್ದುದರಿಂದ ಹೊರಗೆ ಬರುವವರೆಗೂ ಉಸುಕು ಕಾಣಲಿಲ್ಲ. ಕಂಡಾಗ ಮೊದಲು ಅನಿಸಿದ್ದು ಹೇಳಿದರೆ ನಗುತ್ತೀರಿ: ಇವರು ನಿನ್ನೆಯ ಹಬ್ಬ ಮುಗಿಸಿ ಇನ್ನೂ ಮನೆಗೆ ಹೋಗಿಲ್ಲ ಎಂದುಕೊಂಡೆ.

ನಿಜ ಏನೆಂದರೆ, ಆ ವರ್ಷ ಸೂರ್ಯ ಮಕರ ರಾಶಿಗೆ ಬಂದದ್ದು ಹದಿನಾಲ್ಕರ ರಾತ್ರಿ, ದೀಪ ಹಚ್ಚಿದ ಮೇಲೆ. ಹಾಗೆ ಬಂದರೆ ಪುಣ್ಯಕಾಲ ಮರುದಿನ ಬೆಳಿಗ್ಗೆ. ಊರಿನ ಪ್ರತಿಯೊಬ್ಬ ಮುದುಕಿಗೂ ಇದು ಗೊತ್ತಿತ್ತು. ಕ್ಯಾಲೆಂಡರ್ ಅಚ್ಚು ಮಾಡಿದವರಿಗೆ ಗೊತ್ತಿರಲಿಲ್ಲ. ಗುಂಡೇರಾವ್ ಸಾಹೇಬರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಅದೇ ದಿನ ನಸುಕಿನಲ್ಲಿ ಎದ್ದು, ಮಾನ್ವಿಯ ಮನೆಯಲ್ಲಿ ಎಳ್ಳು ಹಚ್ಚಿಕೊಂಡು ಪುಣ್ಯಸ್ನಾನ ಮುಗಿಸಿಯೇ ಜೀಪು ಹತ್ತಿದ್ದರು. ತಾವು ಮೀಯುವ ದಿನವೇ ಮಿಕ್ಕವರೂ ಮೀಯುತ್ತಾರೆ ಎಂಬುದು ಅವರಿಗೆ ಹೊಳೆದಿರಲಿಲ್ಲ. ಕಚೇರಿಯ ಕೆಲಸಕ್ಕೆ ಕಚೇರಿಯ ಕ್ಯಾಲೆಂಡರ್, ಮೈಗೆ ಪಂಚಾಂಗ.

ವಿಮಾನದ ಸದ್ದು ಕೇಳಿಸಿತು. ನಮಗೆ ರೇಡಿಯೋ ಇರಲಿಲ್ಲ. ಒಂದೇ ನಿಯಮ ಇತ್ತು: ಬಾವುಟ ಆಡಿಸಿದರೆ ‘ಬಾ’, ನೆಲಕ್ಕೆ ಮಲಗಿಸಿದರೆ ‘ಬೇಡ’. ನಾನು ನಿಯಮದ ಪ್ರಕಾರ ಬಾವುಟವನ್ನು ನೆಲಕ್ಕೆ ಮಲಗಿಸಿದೆ. ಇಲ್ಲದ ಬಾವುಟವನ್ನು ಮೇಲಿನಿಂದ ನೋಡುವುದು ಹೇಗೆ ಎಂದು ಆವರೆಗೆ ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ಅದೇ ಹೊತ್ತಿಗೆ ಉಸುಕಿನ ಮೇಲೆ ಇಬ್ಬರು ಹೆಂಗಸರು ಒಂದು ಧೋತರ ಒಣಗಿಸುತ್ತಿದ್ದರು. ಒಬ್ಬಳು ಚೀಕಲಪರ್ವಿಯ ಈರಮ್ಮ, ಆಗ ಮೂವತ್ತರ ಹತ್ತಿರದವಳು. ಇನ್ನೊಬ್ಬಳು ಅವಳ ನಾದಿನಿ ದೇವಮ್ಮ. ಹೊಳೆಯಲ್ಲಿ ಹಿಂಡಿದ ಬಟ್ಟೆಯನ್ನು ಆ ತುದಿ ಒಬ್ಬರು, ಈ ತುದಿ ಒಬ್ಬರು ತಲೆಯ ಮೇಲೆ ಎತ್ತಿ ಹಿಡಿದು ಗಾಳಿಗೆ ಆಡಿಸುವುದು ನಿಮಗೆ ಗೊತ್ತೇ ಇದೆ. ಧೋತರದ ಒಡೆಯ, ಈರಮ್ಮನ ಗಂಡ ಶಿವಪ್ಪ, ಅದು ಒಣಗುವವರೆಗೆ ಸೊಂಟದವರೆಗಿನ ನೀರಿನಲ್ಲಿ ಕಾಯುತ್ತ ನಿಂತಿದ್ದ. ಹೊಸ ಧೋತರ, ಹಾಲಿನಂಥ ಬಿಳಿ.

ಸೂರಿಯವರಿಗೆ ನನ್ನ ಬಾವುಟ ಕಾಣಲಿಲ್ಲ. ಅದಕ್ಕಿಂತ ನಾಲ್ಕು ಪಟ್ಟು ದೊಡ್ಡದು ಬೇರೆ ಕಡೆ ಚೆನ್ನಾಗಿ ಆಡುತ್ತಿರುವುದು ಕಂಡಿತು. ನಾನು ಜಾಗ ಬದಲಿಸಿದ್ದೇನೆ ಎಂದುಕೊಂಡರು. ವಿಮಾನ ಹೊಲದ ನಡುವೆ ಓರೆಯಾಯಿತು. ರೆಕ್ಕೆಯ ಕೆಳಗಿನಿಂದ ಔಷಧಿಯ ಬಿಳಿ ಮಂಜು ಇಳಿಯುತ್ತಿತ್ತು. ನಾನು ಬಾವುಟ ಎತ್ತಿಕೊಂಡು, ಆಡಿಸುತ್ತ, ಉಸುಕಿನ ಕಡೆ ಓಡಿದೆ. ಆಡಿಸಬಾರದಿತ್ತು. ಆದರೆ ಕೈ ಸುಮ್ಮನಿರಲಿಲ್ಲ.

ಉಸುಕಿನ ಮೇಲಿನವರು ಓಡಲಿಲ್ಲ. ಅವರು ವಿಮಾನ ನೋಡಲೆಂದೇ, ಯಾವಾಗಲೂ ಮೀಯುವ ಹೊಳೆಯ ಮೇಲ್ಗಡೆಯ ಸ್ನಾನಘಟ್ಟ ಬಿಟ್ಟು ಆ ಜಾಗಕ್ಕೆ ಬಂದಿದ್ದರು. ಕೈ ಬೀಸಿದರು. ಕೈ ಬೀಸುವ ಜನವನ್ನು ಸೂರಿಯವರು ಕಂಡದ್ದು ಕೊನೆಯ ಗಳಿಗೆಯಲ್ಲಿ. ಅವರು ವಿಮಾನದ ಮೂತಿ ಎತ್ತಿದರು. ಬಾಲ ಇಳಿಯಿತು. ಕೆಳಗಿನ ಗಾಲಿ ಧೋತರದ ನಡುವಿಗೆ ಹೊಕ್ಕು ಅದನ್ನು ಇಬ್ಬರ ಕೈಯಿಂದ ಕಿತ್ತುಕೊಂಡು ಹೋಯಿತು. ಈರಮ್ಮ ಕುಳಿತುಬಿಟ್ಟಳು. ದೇವಮ್ಮ ಕೈ ಮೇಲೆ ಹಿಡಿದೇ ನಿಂತಿದ್ದಳು. ಗಾಲಿ ಮತ್ತು ದೇವಮ್ಮನ ತಲೆಯ ನಡುವೆ ಇದ್ದ ಅಂತರವನ್ನು ನಾನು ಆಮೇಲೆ ಬಿದಿರಿನ ಗಳ ಹಿಡಿದು ಅಳೆದಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ವಿಮಾನ ಆಂಧ್ರದ ದಂಡೆಯ ಮೇಲೆ ತಿರುಗಿ ಪೋತ್ನಾಳದ ಕಡೆ ಹೋಯಿತು, ಹಿಂದೆ ಎಂಟು ಮೊಳ ಬಿಳಿ ಬಟ್ಟೆ ಬಾಲದಂತೆ ಹಾರುತ್ತಿತ್ತು. ಜನ ಚಪ್ಪಾಳೆ ತಟ್ಟಿದರು. ನೀರಿನಿಂದ ಶಿವಪ್ಪ ಕೇಳಿದ: “ಲೇ, ಅದು ಹೊಳ್ಳಿ ಬರತದೋ ಇಲ್ಲೋ? ನಾ ಹೆಂಗ ಮ್ಯಾಲ ಬರ್ಲಿ?”

ಎಲ್ಲರೂ ನಕ್ಕರು. ನಾನೂ ನಗುತ್ತಿದ್ದೆನೇನೋ. ಆದರೆ ಉಸುಕಿನ ಮೇಲೆ ಬಿಚ್ಚಿಟ್ಟ ಬುತ್ತಿಗಳು ಕಂಡವು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕುಂಬಳಕಾಯಿ ಪಲ್ಯ, ಬದನೆಕಾಯಿ. ಎಲ್ಲದರ ಮೇಲೂ ಸಣ್ಣ ಹನಿ, ಇಬ್ಬನಿಯ ಹಾಗೆ ಹೊಳೆಯುತ್ತಿತ್ತು. ಆ ಔಷಧಿಯ ಡಬ್ಬಿಯ ಮೇಲೆ ಏನು ಬರೆದಿತ್ತು ಎಂಬುದು ಅಲ್ಲಿ ನನಗೊಬ್ಬನಿಗೇ ಗೊತ್ತು. ಮಿಂದು ಹಸಿದ ಜನ ಉಣ್ಣಲು ಕುಳಿತುಕೊಳ್ಳುತ್ತಿದ್ದರು.

“ಉಣ್ಣಬ್ಯಾಡ್ರಿ” ಎಂದೆ. “ಮೊದ್ಲು ಎಲ್ಲಾರೂ ಇನ್ನೊಂದು ಸಲ ಮೈ ತೊಳಕೋರಿ. ಉಟ್ಟ ಬಟ್ಟಿ ಸುದ್ದಾ.”

“ಯಾಕ್ರಿ ಸಾಬ್ರ?” ಎಂದ ಒಬ್ಬ ಮುದುಕ. “ಒಂದು ಮುಳುಗಿಗೆ ಪುಣ್ಯ ಸಾಲಂಗಿಲ್ಲೇನು?”

“ಔಷಧಿ ಬಿದ್ದದ. ಇದು ವಿಷ.”

ಈರಮ್ಮ ಎದ್ದು ಬಂದಳು. ನನ್ನ ಮುಖ ನೋಡಿ, ದನಿ ಕೇಳಿ ಗುರುತು ಹಿಡಿದಳು. “ನೀನ ಅಲ್ಲೇನಣ್ಣ ಮೈಕ್‌ನ್ಯಾಗ ಒದರಿದಾಂವ? ಹುಳಾ ಅಷ್ಟ ಸಾಯ್ತಾವ, ಮಂದಿಗಿ ಏನೂ ಆಗಂಗಿಲ್ಲ ಅಂತ ಎರಡೆರಡು ಸಲ ಒದರಿದಿ. ದನ ಕಟ್ಟ್ರಿ ಅಂದಿ, ಕಟ್ಟೀವಿ. ಹಬ್ಬದ ದಿನಾನ ವಿಮಾನ ಕಳಿಸಾಕತ್ತಾರ, ಸರ್ಕಾರಕ್ಕ ಬುದ್ಧಿ ಬಂತು ಅಂತ ಊರಾಗ ಎಲ್ಲಾರೂ ಹೊಗಳೀವಿ.”

“ಅದು ಹಾಳಿಯೊಳಗ ಹಂಗ ಬರದಿತ್ತವ್ವಾ. ನಾ ಓದಿದೆ.”

“ಅವತ್ತು ಸುಳ್ಳು ಹೇಳಿದೇನು, ಇವತ್ತು ಹೇಳಾಕತ್ತೀಯೇನು?”

ಜನ ಸುತ್ತ ಸೇರಿದರು. ನನಗೆ ಧೋತರದ ಬೆಲೆ ತಪ್ಪಿಸಿಕೊಳ್ಳುವ ಹುನ್ನಾರವಿದೆ ಎಂದು ಯಾರೋ ಹಿಂದಿನಿಂದ ಅಂದರು. ಅಷ್ಟರಲ್ಲಿ ಜೀಪು ಬಂತು. ಗುಂಡೇರಾವ್ ಸಾಹೇಬರು ಉಸುಕಿನಲ್ಲಿ ಕಾಲು ಹೂತುಕೊಳ್ಳುತ್ತ ಬಂದರು. ಅವರ ಹಣೆಯ ಮೇಲೆ ಪುಣ್ಯಸ್ನಾನದ ಗಂಧ ಇನ್ನೂ ಹಸಿಯಾಗಿತ್ತು. ಅದನ್ನು ಕಂಡು ನನಗೆ ಎಲ್ಲ ತಿಳಿಯಿತು. ನನಗೆ ತಿಳಿದದ್ದು ಅವರಿಗೂ ತಿಳಿಯಿತು.

“ಏನೂ ಆಗಿಲ್ರಿ, ಗಾಬರಿ ಬ್ಯಾಡ” ಎಂದು ಅವರು ಜನಕ್ಕೆ ಹೇಳಿದರು. “ಒಂದೆರಡು ಹನಿ. ಅದರಿಂದ ಏನಾಗತದ? ನಿಮ್ಮ ಹಬ್ಬ ನೀವು ಮಾಡ್ರಿ.” ನನ್ನ ಕಿವಿಯಲ್ಲಿ, “ಖಾಸಿಂ, ಬಾಯಿ ಮುಚ್ಚು. ಗದ್ದಲಾದ್ರ ಇಬ್ಬರದೂ ನೌಕರಿ ಹೋಗತದ” ಎಂದರು.

ಈರಮ್ಮ ಒಂದು ರೊಟ್ಟಿ ತೆಗೆದುಕೊಂಡಳು. ಅದರ ಮೇಲೆ ಕುಂಬಳಕಾಯಿ ಪಲ್ಯ ಹಾಕಿ ಸಾಹೇಬರ ಮುಂದೆ ಹಿಡಿದಳು. “ಹಬ್ಬದ ಹೊತ್ತಿನಾಗ ಬಂದೀರಿ ಸಾಹೇಬ್ರ. ಬರ್ರಿ, ಉಣ್ರಿ. ನೀವು ಉಂಡ ಮ್ಯಾಲ ನಾವು ಉಣ್ತೀವಿ.”

ಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದರು. “ನಂದು ಇನ್ನೂ ಪೂಜಿ ಆಗಿಲ್ಲವ್ವಾ.”

“ಆತ್ರಿ.” ಅವಳು ನನ್ನ ಕಡೆ ತಿರುಗಿದಳು. “ನಿಂಗ ಪೂಜಿ ಇಲ್ಲಲಾ, ಸಾಬಣ್ಣ. ನೀ ತಿನ್ನು.”

ರೊಟ್ಟಿ ನನ್ನ ಕೈಗೆ ಬಂತು. ಆ ಬೆಳಿಗ್ಗೆ ಐದಕ್ಕೆ ಎದ್ದವನು ನಾನು, ಚಹಾ ಬಿಟ್ಟು ಏನೂ ಹೊಟ್ಟೆಗೆ ಹೋಗಿರಲಿಲ್ಲ. ಕುಂಬಳಕಾಯಿ ಪಲ್ಯದ ಒಗ್ಗರಣೆಯ ವಾಸನೆ ಬರುತ್ತಿತ್ತು, ಅದರೊಳಗಿಂದ ಆ ಇನ್ನೊಂದು ವಾಸನೆಯೂ ಬರುತ್ತಿತ್ತು. ಅರವತ್ತೆರಡು ಜನ ನನ್ನ ಬಾಯಿ ನೋಡುತ್ತಿದ್ದರು. ಸಾಹೇಬರೂ ನೋಡುತ್ತಿದ್ದರು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಂತೆ ನಟಿಸಿದರೆ ಗದ್ದಲ ಮುಗಿಯುತ್ತಿತ್ತು. ಇಬ್ಬರ ನೌಕರಿಯೂ ಉಳಿಯುತ್ತಿತ್ತು.

“ನಾ ತಿನ್ನಂಗಿಲ್ಲ” ಎಂದೆ. “ನನ್ನ ಮಗಳಿಗೆ ತಿನ್ನಾಕ ಕೊಡಂಗಿಲ್ಲ. ಮೈಕ್‌ನ್ಯಾಗ ಹೇಳಿದ್ದು ಸುಳ್ಳು. ಇಲ್ಲಿ ಮಂದಿ ಇರಂಗಿಲ್ಲ ಅಂತ ಬರಕೊಟ್ಟಾಂವನೂ ನಾನ.”

ಈರಮ್ಮ ನನ್ನ ಕೈಯಿಂದ ರೊಟ್ಟಿ ವಾಪಸು ತೆಗೆದುಕೊಂಡು ಉಸುಕಿನ ಮೇಲೆ ಬೋರಲು ಹಾಕಿದಳು. ಆಮೇಲೆ ತನ್ನ ಬುತ್ತಿ ಎಲ್ಲವನ್ನೂ ಸುರಿದಳು. ಒಬ್ಬೊಬ್ಬರಾಗಿ ಎಲ್ಲರೂ ಸುರಿದರು. ಹನುಮಂತಪ್ಪ ಅಷ್ಟರಲ್ಲಿ ಓಡಿ ಬಂದಿದ್ದ. ಅವನೂ ನಾನೂ ಸೇರಿ ದಂಡೆಯ ಮೇಲೆ ಗುಂಡಿ ತೋಡಿ ಹೂತೆವು. ಎಲ್ಲರೂ ಮೇಲಿನ ಘಟ್ಟಕ್ಕೆ ನಡೆದು ಎರಡನೇ ಸಲ ಮಿಂದರು. ಶಿವಪ್ಪ ಸಾಹೇಬರ ಹೆಗಲ ಮೇಲಿನ ಶಲ್ಯ ಕೇಳಿ ಪಡೆದು ಸುತ್ತಿಕೊಂಡು ಮೇಲೆ ಬಂದ. ಮೂವರಿಗೆ ಕಣ್ಣು ಉರಿ, ಒಬ್ಬಳಿಗೆ ವಾಂತಿ. ನಾಲ್ವರನ್ನೂ ಜೀಪಿನಲ್ಲಿ ಮಾನ್ವಿಯ ದವಾಖಾನೆಗೆ ಕರೆದೊಯ್ದೆವು. ಸಂಜೆಗೆ ತಿರುಗಿ ಬಂದರು. ಅಂದು ಉಸುಕಿನ ಮೇಲೆ ಯಾರೂ ಸಾಯಲಿಲ್ಲ. ಇದು ನಮ್ಮ ಜಾಣತನದಿಂದಲ್ಲ ಎಂಬುದನ್ನು ಬರೆದಿಡುತ್ತಿದ್ದೇನೆ.

ಪೋತ್ನಾಳದಲ್ಲಿ ಸೂರಿಯವರು ಗಾಲಿಯಿಂದ ಧೋತರ ಬಿಡಿಸುತ್ತಿದ್ದರು. “ಮಿಯಾ, ತುಮ್ಹಾರಾ ಝಂಡಾ ಬಹುತ್ ಲಂಬಾ ನಿಕ್ಲಾ” ಎಂದರು, ನಿನ್ನ ಬಾವುಟ ಭಾರಿ ಉದ್ದ ಬಂತಲ್ಲಪ್ಪ ಎಂದು. ನಕ್ಕರು. ಆಮೇಲೆ ಅಲ್ಲಿ ಎಷ್ಟು ಜನ ಇದ್ದರು ಎಂದು ಕೇಳಿದರು. ಅರವತ್ತೆರಡು ಎಂದೆ. ಅವರು ಗಾಲಿಗೆ ಒರಗಿ ನೆಲದ ಮೇಲೆ ಕುಳಿತರು. ಧೋತರ ಅವರ ತೊಡೆಯ ಮೇಲೆಯೇ ಇತ್ತು. ಆ ದಿನ ಮತ್ತೆ ಹಾರಲಿಲ್ಲ.

ನೌಕರಿ ಹೋಗಲಿಲ್ಲ. ನನ್ನನ್ನು ಎಂಟು ತಿಂಗಳು ದೇವದುರ್ಗಕ್ಕೆ ಹಾಕಿದರು, ತಂತಿ ಇಲ್ಲದೆ ತಿರುಗುವ ಮೋಟಾರುಗಳ ನಡುವೆ. ಗುಂಡೇರಾವ್ ಸಾಹೇಬರು ನನ್ನ ವರದಿಯನ್ನು ತಿದ್ದದೆ ಮೇಲಕ್ಕೆ ಕಳಿಸಿದರು. ಅದು ಅವರ ದೊಡ್ಡತನ. ಮುಂದಿನ ಹಂಗಾಮಿನಿಂದ ‘ಬೇಡ’ ಎನ್ನಲು ಕೆಂಪು ಬಾವುಟ ಬಂತು. ಪಟ್ಟಿಯ ಹಾಳೆಗೆ ಒಂದು ಸಾಲು ಸೇರಿತು: ‘ಆ ದಿನ ಊರಿನವರು ಎಲ್ಲಿರುತ್ತಾರೆಂದು ಊರಿನವರನ್ನೇ ಕೇಳಲಾಗಿದೆ.’ ಮೈಕಿನ ಹಾಳೆಯ ಕೊನೆಯ ವಾಕ್ಯ ಮಾತ್ರ ಬಹಳ ವರ್ಷ ಹಾಗೇ ಬರುತ್ತಿತ್ತು. ನಾನು ಆ ಸಾಲಿಗೆ ಬಂದಾಗ ಕೆಮ್ಮುತ್ತಿದ್ದೆ.

ಇದನ್ನು ಕಂಡವರಲ್ಲಿ ಗುಂಡೇರಾವ್ ಸಾಹೇಬರು ಈಗಿಲ್ಲ. ಹನುಮಂತಪ್ಪ ಇಲ್ಲ, ಶಿವಪ್ಪ ಇಲ್ಲ. ಸೂರಿಯವರ ಸುದ್ದಿ ನನಗೆ ಗೊತ್ತಿಲ್ಲ. ದೇವಮ್ಮ ಪೋತ್ನಾಳದಲ್ಲಿ ಮಗನ ಮನೆಯಲ್ಲಿದ್ದಾಳೆ; ವಿಮಾನದ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಾಳೆ, ಕೇಳಬೇಡಿ. ಈರಮ್ಮ ಚೀಕಲಪರ್ವಿಯಲ್ಲೇ ಇದ್ದಾಳೆ, ನೆನಪು ನನಗಿಂತ ಚೆನ್ನಾಗಿದೆ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಅವಳು ತಿದ್ದುತ್ತಾಳೆ. ಮನೆಗೆ ಬಂದವರನ್ನು ಉಣಿಸದೆ ಕಳಿಸುವುದಿಲ್ಲ. ನೀವು ಇಲಾಖೆಯವರೆಂದು ಗೊತ್ತಾದರೆ, ಮೊದಲ ತುತ್ತನ್ನು ನಿಮ್ಮ ತಾಟಿನಿಂದ ತಾನೇ ಮುರಿದು ಬಾಯಿಗೆ ಹಾಕಿಕೊಂಡು, ಪೂರ್ತಿ ನುಂಗಿ, ಆಮೇಲೆ ತಾಟು ನಿಮ್ಮ ಕಡೆ ಸರಿಸುತ್ತಾಳೆ.